ದೂರು ಕೇಳುವ ಬಾಗಿಲು: ಅಮೆರಿಕದ ರಾಜ್ಯಗಳಲ್ಲಿ ವರ್ತನಾ ವಿಶ್ಲೇಷಕರ ಪರವಾನಗಿ

ಟೆಕ್ಸಾಸ್ ರಾಜ್ಯದಲ್ಲಿ 2018ರ ಆಗಸ್ಟ್ ತಿಂಗಳು ಮುಗಿಯುವವರೆಗೆ ಹೀಗಿತ್ತು: ಹಣ ಪಡೆದು ಇನ್ನೊಬ್ಬರ ತಲೆಗೂದಲು ಕತ್ತರಿಸುವವರಿಗೆ ರಾಜ್ಯದ ಪರವಾನಗಿ ಬೇಕಿತ್ತು, ಮನೆಯ ವಿದ್ಯುತ್ ತಂತಿ ಮುಟ್ಟುವವರಿಗೂ ಬೇಕಿತ್ತು. ಆದರೆ ಮಾತು ಬಾರದ ನಾಲ್ಕು ವರ್ಷದ ಮಗು ದಿನವಿಡೀ ಏನು ಮಾಡಬೇಕು, ಅದಕ್ಕೆ ಇಷ್ಟವಾದ ಆಟಿಕೆ ಯಾವಾಗ ಸಿಗಬೇಕು, ಅತ್ತರೆ ಯಾರು ಹೇಗೆ ಪ್ರತಿಕ್ರಿಯಿಸಬೇಕು ಎಂದು ಬರೆದುಕೊಡುವ ವರ್ತನಾ ವಿಶ್ಲೇಷಕರಿಗೆ ರಾಜ್ಯದ ಪರವಾನಗಿಯೇ ಇರಲಿಲ್ಲ. ಸೆಪ್ಟೆಂಬರ್ 1ರಿಂದ ಅವರಿಗೂ ಅದು ಕಡ್ಡಾಯವಾಯಿತು. ನಾನು ಆ ಎರಡೂ ಕಾಲದಲ್ಲಿ ಅಲ್ಲಿ ಈ ಕೆಲಸದಲ್ಲಿದ್ದೆ. ಆ ದಿನಾಂಕದ ಆಚೆಗೂ ಈಚೆಗೂ ನನ್ನ ಓದು, ನನ್ನ ಅನುಭವ, ನನ್ನ ಮೇಜಿನ ಮೇಲಿನ ಕಾಗದಗಳು ಎಲ್ಲವೂ ಇದ್ದ ಹಾಗೆಯೇ ಇದ್ದವು. ಬದಲಾದದ್ದು ಒಂದೇ: ನಾನು ತಪ್ಪು ಮಾಡಿದರೆ ನನ್ನನ್ನು ಕೆಲಸದಿಂದ ತಡೆಯುವ ಕಾನೂನಿನ ಅಧಿಕಾರ ಒಂದು ಕಚೇರಿಗೆ ಬಂದಿತು. ಇಲ್ಲಿ ಕುಳಿತಿರುವ ತಾಯ್ತಂದೆಯರಿಗೂ ವಿಶೇಷ ಶಿಕ್ಷಕರಿಗೂ ಇವತ್ತು ಈ ಒಂದು ಬದಲಾವಣೆಯ ಬೆಲೆ ಎಷ್ಟು ಎಂಬುದನ್ನೇ ಹೇಳಬೇಕೆಂದಿದ್ದೇನೆ.

ಮೊದಲು ಈ ಕೆಲಸವೇನು ಎಂಬುದು ಸ್ಪಷ್ಟವಾಗಲಿ. ಒಂದು ನಡವಳಿಕೆಗೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಕಣ್ಣಿಟ್ಟು ನೋಡಿ, ಬರೆದಿಟ್ಟು, ಆ ಹಿಂದುಮುಂದನ್ನು ಬದಲಿಸುವ ಮೂಲಕ ನಡವಳಿಕೆಯನ್ನು ಬದಲಿಸುವುದು ಅನ್ವಯಿಕ ವರ್ತನಾ ವಿಶ್ಲೇಷಣೆ. ನೀವೆಲ್ಲ ಅದನ್ನು ಎಬಿಎ ಎಂದೇ ಕರೆಯುತ್ತೀರಿ. ಮೂಲ ವಿಚಾರ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರದು. ಅದಕ್ಕೆ ಅನ್ವಯಿಕ ಶಾಸ್ತ್ರದ ರೂಪ ಬಂದದ್ದು 1968ರಲ್ಲಿ, ಈ ಕ್ಷೇತ್ರಕ್ಕೆಂದೇ ಒಂದು ನಿಯತಕಾಲಿಕ ಆರಂಭವಾದಾಗ. ಆಟಿಸಂ ಇರುವ ಮಕ್ಕಳ ತಾಯ್ತಂದೆಯರಿಗೆ ಇದರ ಹೆಸರು ತಲುಪಿದ್ದು ಮನಶ್ಶಾಸ್ತ್ರಜ್ಞ ಇವಾರ್ ಲೊವಾಸ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಚಿಕ್ಕ ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸುವ ಮಟ್ಟಕ್ಕೆ ಬಂದರು ಎಂದು ಅದು ಹೇಳಿತು. ಆ ಸಂಖ್ಯೆ ಊರೂರು ಸುತ್ತಿತು. ಅದೇ ಅಧ್ಯಯನದಲ್ಲಿ ಮಕ್ಕಳನ್ನು ಜೋರಾಗಿ ಗದರಿಸುವುದೂ ಕೆಲವೊಮ್ಮೆ ತೊಡೆಗೆ ಹೊಡೆಯುವುದೂ ವಿಧಾನದ ಭಾಗವಾಗಿತ್ತು ಎಂಬ ಮಾತು ಅಷ್ಟು ದೂರ ಹೋಗಲಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇಂದಿನ ಮಾತೆಲ್ಲ ಆ ಎರಡರ ನಡುವೆಯೇ ಇದೆ.

ಈ ಕೆಲಸಕ್ಕೆ ಕಾವಲು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಫ್ಲಾರಿಡಾದಿಂದ ಬಂದಿತು. 1972ರಲ್ಲಿ ಮಯಾಮಿಯ ಸನ್‌ಲ್ಯಾಂಡ್ ತರಬೇತಿ ಕೇಂದ್ರ ಎಂಬ ಸರ್ಕಾರಿ ವಸತಿ ಸಂಸ್ಥೆಯಲ್ಲಿ ಬೌದ್ಧಿಕ ಅಂಗವೈಕಲ್ಯವಿದ್ದವರನ್ನು ನಡೆಸಿಕೊಂಡ ರೀತಿ ಬಯಲಿಗೆ ಬಂತು. ಮರದ ಹಲಗೆಯಿಂದ ಹೊಡೆತ, ಸಾಬೂನಿನ ದ್ರವದಿಂದ ಬಾಯಿ ತೊಳೆಸುವುದು, ಗಂಟೆಗಟ್ಟಲೆ ಕಟ್ಟಿಹಾಕುವುದು, ಕದ್ದವನ ಮೈಮೇಲೆ 'ಕಳ್ಳ' ಎಂಬ ಫಲಕ ತೂಗುಹಾಕಿ ಎಲ್ಲರೆದುರು ಅವಮಾನಿಸುವುದು, ಇವೆಲ್ಲ ಅಲ್ಲಿ ನಡೆದಿದ್ದವು. ನಡೆಸಿದವರು ಇದನ್ನು ಕ್ರೌರ್ಯವೆಂದು ಕರೆಯಲಿಲ್ಲ, ವರ್ತನಾ ಪರಿವರ್ತನೆಯ ಕಾರ್ಯಕ್ರಮ ಎಂದು ಕರೆದರು. ಆ ಘಟಕದ ಮುಖ್ಯಸ್ಥರು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರಾಗಿದ್ದರು, ಶಾಸ್ತ್ರದ ಪರಿಭಾಷೆ ಬಲ್ಲವರಾಗಿದ್ದರು. ಪರಿಭಾಷೆ ಗೊತ್ತಿದ್ದವರ ಕೈಯಲ್ಲಿ ಹೊಡೆತ ಕೂಡ ಚಿಕಿತ್ಸೆಯ ಹೆಸರು ಪಡೆಯಬಲ್ಲದು ಎಂಬುದು ಆ ತನಿಖೆಯಿಂದ ಹೊರಬಿದ್ದ ಅತ್ಯಂತ ಕಹಿ ಸತ್ಯ. ತನಿಖಾ ಸಮಿತಿಯ ನಂತರ ಫ್ಲಾರಿಡಾ ಲಿಖಿತ ಮಾರ್ಗಸೂಚಿ ತಂದಿತು, ಕಾರ್ಯಕ್ರಮಗಳನ್ನು ಸಹವೃತ್ತಿಯವರು ಪರಿಶೀಲಿಸುವ ಸಮಿತಿಗಳನ್ನು ಕಟ್ಟಿತು, ಮುಂದಿನ ದಶಕದಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಪದ್ಧತಿಯನ್ನೂ ಆರಂಭಿಸಿತು. ಆ ಪದ್ಧತಿಯನ್ನು ಕಟ್ಟುವುದರಲ್ಲಿ ದುಡಿದ ಜೆರಾಲ್ಡ್ ಶುಕ್ ಅವರೇ 1998ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಪ್ರಮಾಣೀಕರಣ ಮಂಡಳಿಯನ್ನು ಸ್ಥಾಪಿಸಿದರು. ಬಿಎಸಿಬಿ ಎಂದು ನೀವು ಕೇಳಿರುವುದು ಅದನ್ನೇ.

ಪ್ರಮಾಣಪತ್ರಕ್ಕೂ ಪರವಾನಗಿಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಿಎಸಿಬಿ ಒಂದು ಖಾಸಗಿ ಲಾಭರಹಿತ ಸಂಸ್ಥೆ. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ 2000 ಗಂಟೆಗಳ ಅಥವಾ ಹೆಚ್ಚು ಸಾಂದ್ರವಾದ ಮೇಲ್ವಿಚಾರಣೆಯಿದ್ದರೆ 1500 ಗಂಟೆಗಳ ಕ್ಷೇತ್ರಕಾರ್ಯ, ಅದಾದ ಮೇಲೆ 185 ಪ್ರಶ್ನೆಗಳ ನಾಲ್ಕು ಗಂಟೆಯ ಪರೀಕ್ಷೆ, ಇವನ್ನು ದಾಟಿದವರಿಗೆ ಅದು ಬಿಸಿಬಿಎ ಎಂಬ ಪ್ರಮಾಣಪತ್ರ ಕೊಡುತ್ತದೆ. ಅದರ ನೀತಿಸಂಹಿತೆ ಕಟ್ಟುನಿಟ್ಟಾದದ್ದು, ಅದನ್ನು ಮುರಿದವರ ಪ್ರಮಾಣಪತ್ರವನ್ನು ಅದು ಹಿಂಪಡೆಯಬಲ್ಲದು. ಇಷ್ಟಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ಪ್ರಮಾಣಪತ್ರ ಕಳೆದುಕೊಂಡ ವ್ಯಕ್ತಿ ಮರುದಿನ ಪಕ್ಕದ ಬೀದಿಯಲ್ಲಿ ಫಲಕ ಹಾಕಿಕೊಂಡು ಅದೇ ಕೆಲಸ ಮುಂದುವರಿಸಿದರೆ ಬಿಎಸಿಬಿ ಅವರನ್ನು ತಡೆಯಲಾರದು, ತನ್ನ ಬಿರುದನ್ನು ಬಳಸಬೇಡಿ ಎಂದಷ್ಟೇ ಹೇಳಬಹುದು. ಪ್ರಮಾಣಪತ್ರವನ್ನು ವೃತ್ತಿ ತನ್ನವರಿಗೆ ಕೊಡುತ್ತದೆ. ಪರವಾನಗಿಯನ್ನು ರಾಜ್ಯ ತನ್ನ ಪ್ರಜೆಗಳ ಪರವಾಗಿ ಕೊಡುತ್ತದೆ, ಅದಿಲ್ಲದೆ ಕೆಲಸ ಮಾಡಿದರೆ ಅದು ಕಾನೂನುಬಾಹಿರ. ಅಮೆರಿಕದಲ್ಲಿ ಇಂಥ ಅಧಿಕಾರ ರಾಜ್ಯಗಳದು ಎಂಬುದು ಬಹಳ ಹಿಂದೆಯೇ ಇತ್ಯರ್ಥವಾದ ವಿಷಯ. ವೈದ್ಯರಿಗೆ ಪರವಾನಗಿ ಕಡ್ಡಾಯ ಮಾಡಿದ ವೆಸ್ಟ್ ವರ್ಜೀನಿಯಾದ ಕಾನೂನನ್ನು ಸುಪ್ರೀಂ ಕೋರ್ಟ್ 1889ರಲ್ಲಿ ಎತ್ತಿಹಿಡಿದಿತ್ತು.

ಹಾಗಾದರೆ ವರ್ತನಾ ವಿಶ್ಲೇಷಕರ ವಿಷಯದಲ್ಲಿ ರಾಜ್ಯಗಳು ಇಷ್ಟು ತಡ ಮಾಡಿದ್ದೇಕೆ? ಹಣ ಬರುವವರೆಗೆ ಈ ವೃತ್ತಿ ಶಾಸಕರ ಕಣ್ಣಿಗೆ ಬೀಳಲಿಲ್ಲ ಎಂಬುದು ನೇರವಾದ ಉತ್ತರ. 2001ರಲ್ಲಿ ಇಂಡಿಯಾನಾ, 2007ರಲ್ಲಿ ಸೌತ್ ಕ್ಯಾರೊಲಿನಾ, ಆಮೇಲೆ ಒಂದರ ಹಿಂದೆ ಒಂದು ರಾಜ್ಯ ಆಟಿಸಂ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡಲೇಬೇಕೆಂದು ಶಾಸನ ಮಾಡಿದವು. 2019ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದು ಜಾರಿಯಾಗಿತ್ತು. ಈ ಶಾಸನಗಳ ಹಿಂದೆ ಇದ್ದವರು ಬಹುಪಾಲು ತಾಯ್ತಂದೆಯರು. ಮನೆ ಅಡವಿಟ್ಟು ಥೆರಪಿ ಕೊಡಿಸುತ್ತಿದ್ದವರು ಶಾಸನಸಭೆಯ ಮೆಟ್ಟಿಲು ಹತ್ತಿ ಪಡೆದ ಹಕ್ಕು ಅದು. ವಿಮಾ ಕಂಪನಿ ಹಣ ಕೊಡಬೇಕಾದಾಗ ಯಾರಿಗೆ ಕೊಡಬೇಕು, ಅವರ ಅರ್ಹತೆಗೆ ಯಾರು ಜವಾಬ್ದಾರರು ಎಂಬ ಪ್ರಶ್ನೆ ತಾನಾಗಿ ಎದ್ದಿತು. 2009ರಲ್ಲಿ ನೆವಾಡ ಮತ್ತು ಒಕ್ಲಹೋಮ ಪರವಾನಗಿ ಶಾಸನ ಮಾಡಿದವು. ಇಂದು 35ಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಶಾಸನವಿದೆ. ಬಹುತೇಕ ರಾಜ್ಯಗಳು ಬಿಎಸಿಬಿಯ ಪರೀಕ್ಷೆಯನ್ನೇ ಅರ್ಹತೆಯಾಗಿ ಒಪ್ಪಿಕೊಂಡು, ಅದರ ಮೇಲೆ ಅಪರಾಧ ಹಿನ್ನೆಲೆಯ ಪರಿಶೀಲನೆ, ನವೀಕರಣ, ಶಿಸ್ತುಕ್ರಮದ ಅಧಿಕಾರ ಇವನ್ನು ಸೇರಿಸಿದವು.

ರಾಜ್ಯದಿಂದ ರಾಜ್ಯಕ್ಕೆ ವ್ಯವಸ್ಥೆ ಬೇರೆ ಬೇರೆ. ವರ್ಜೀನಿಯಾದಲ್ಲಿ ವೈದ್ಯಕೀಯ ಮಂಡಳಿಯೇ ಇವರನ್ನೂ ನೋಡಿಕೊಳ್ಳುತ್ತದೆ. ನ್ಯೂಯಾರ್ಕ್‌ನಲ್ಲಿ ಶಿಕ್ಷಣ ಇಲಾಖೆ. ಕೆಂಟಕಿಯಲ್ಲಿ ಪ್ರತ್ಯೇಕ ಮಂಡಳಿ. ನೆವಾಡದಲ್ಲಿ ಮೊದಲು ಮನಶ್ಶಾಸ್ತ್ರಜ್ಞರ ಮಂಡಳಿಯ ಅಡಿಯಲ್ಲಿದ್ದು, 2017ರ ಶಾಸನದ ನಂತರ ಪ್ರತ್ಯೇಕವಾಯಿತು. ಈ ಬದಲಾವಣೆಗಳ ಹಿಂದೆ ಒಂದು ದೀರ್ಘ ಜಗಳವಿದೆ. ವರ್ತನಾ ವಿಶ್ಲೇಷಣೆ ಮನಶ್ಶಾಸ್ತ್ರದ ಒಂದು ಕೊಂಬೆ, ಆದ್ದರಿಂದ ಅದು ನಮ್ಮ ಮಂಡಳಿಯ ಕೆಳಗಿರಬೇಕು ಎಂದು ಮನಶ್ಶಾಸ್ತ್ರಜ್ಞರು ವಾದಿಸಿದರು. ಇದು ತನ್ನದೇ ತರಬೇತಿಯೂ ಪರೀಕ್ಷೆಯೂ ಇರುವ ಬೇರೆ ವೃತ್ತಿ, ಈ ಕೆಲಸ ಮಾಡದವರು ನಮ್ಮ ತಪ್ಪುಒಪ್ಪನ್ನು ತೂಗಲಾರರು ಎಂದು ವಿಶ್ಲೇಷಕರು ವಾದಿಸಿದರು. ಎರಡೂ ಕಡೆಯಲ್ಲಿ ಶಾಸ್ತ್ರದ ಕಾಳಜಿ ಇತ್ತು, ಅನ್ನದ ಕಾಳಜಿಯೂ ಇತ್ತು. ಕೊನೆಗೆ ಹೆಚ್ಚಿನ ಶಾಸನಗಳಲ್ಲಿ ವಿನಾಯಿತಿಗಳ ಒಂದು ಕಲಮು ಸೇರಿತು. ತಮ್ಮ ತರಬೇತಿಯ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು, ಶಾಲೆಯ ಶಿಕ್ಷಕರು, ಮೇಲ್ವಿಚಾರಣೆಯಲ್ಲಿರುವ ವಿದ್ಯಾರ್ಥಿಗಳು, ಪ್ರಾಣಿಗಳಿಗೆ ತರಬೇತಿ ಕೊಡುವವರು, ಎಲ್ಲಕ್ಕಿಂತ ಮುಖ್ಯವಾಗಿ ಯೋಜನೆಯನ್ನು ಮನೆಯಲ್ಲಿ ಅನುಸರಿಸುವ ತಾಯ್ತಂದೆಯರು, ಇವರಿಗೆ ಪರವಾನಗಿ ಬೇಡ. ಮಗುವಿಗೆ ಚಪ್ಪಾಳೆ ತಟ್ಟುವುದಕ್ಕೆ ತಾಯಿಗೆ ಪರವಾನಗಿ ಬೇಕಾಗಬಾರದಲ್ಲ. ಆದರೆ ಅದನ್ನೂ ಕಾನೂನಿನಲ್ಲಿ ಬರೆಯದಿದ್ದರೆ ಅನರ್ಥವಾದೀತು. ನ್ಯೂಯಾರ್ಕ್‌ನ ಶಾಸನ 2014ರಲ್ಲಿ ಜಾರಿಗೆ ಬಂದಾಗ ಪರವಾನಗಿ ಪಡೆದವರು ಆಟಿಸಂ ಇರುವವರಿಗೆ ಮಾತ್ರ ಸೇವೆ ಕೊಡಬಹುದು ಎಂಬ ಮಿತಿ ಇತ್ತು. ಅಂದರೆ ತನ್ನ ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಆಟಿಸಂ, ಇನ್ನೊಬ್ಬನಿಗೆ ಡೌನ್ ಸಿಂಡ್ರೋಮ್ ಇದ್ದರೆ, ಒಂದೇ ಕೌಶಲ ಮೊದಲನೆಯವನಿಗೆ ಸಿಗುತ್ತಿತ್ತು, ಎರಡನೆಯವನಿಗೆ ಇಲ್ಲ. ಕಾನೂನಿನ ಒಂದು ಪದ ಇಷ್ಟು ದೂರ ಹೋಗುತ್ತದೆ.

ಟೆಕ್ಸಾಸ್‌ನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಪರವಾನಗಿ ಕೊಡುವುದು ಕ್ಷೌರಿಕರಿಗೂ ಎಲೆಕ್ಟ್ರಿಷಿಯನ್‌ಗಳಿಗೂ ಕೊಡುವ ಅದೇ ಪರವಾನಗಿ ಇಲಾಖೆ. ಅದಕ್ಕೆ ಸಲಹೆ ನೀಡಲು ಒಂಬತ್ತು ಜನರ ಮಂಡಳಿಯಿದೆ. ಅದರಲ್ಲಿ ವಿಶ್ಲೇಷಕರು, ಒಬ್ಬ ಸಹಾಯಕ ವಿಶ್ಲೇಷಕರು, ಒಬ್ಬ ವೈದ್ಯರು ಇರುತ್ತಾರೆ. ಉಳಿದ ಮೂವರು ಸಾರ್ವಜನಿಕರ ಪ್ರತಿನಿಧಿಗಳು, ಮತ್ತು ಅವರು ಹಿಂದೆ ಸ್ವತಃ ಈ ಸೇವೆ ಪಡೆದವರೋ ಸೇವೆ ಪಡೆದ ಅಥವಾ ಪಡೆಯುತ್ತಿರುವ ಮಗುವಿನ ತಾಯ್ತಂದೆಯರೋ ಪೋಷಕರೋ ಆಗಿರಬೇಕೆಂದು ಶಾಸನವೇ ಹೇಳುತ್ತದೆ. ಮೂರನೆಯ ಒಂದು ಭಾಗ ನಿಮ್ಮಂಥವರಿಗೆ. ಯಾರು ಬೇಕಾದರೂ ಇಲಾಖೆಯ ಜಾಲತಾಣದಲ್ಲಿ ವಿಶ್ಲೇಷಕರ ಹೆಸರು ಹಾಕಿ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ದೂರು ಕೊಡಲು ವಕೀಲರು ಬೇಕಿಲ್ಲ. ಮೊದಲ ಸಲ ಭೇಟಿಯಾಗುವ ತಂದೆಯೊಬ್ಬರು ನನ್ನೆದುರೇ ಫೋನ್ ತೆಗೆದು ನನ್ನ ಹೆಸರನ್ನು ಹುಡುಕಿದ್ದರು. ನನಗೆ ಅದು ಅವಮಾನವೆನಿಸಲಿಲ್ಲ, ಅವರ ಮಗುವಿನ ವಿಷಯದಲ್ಲಿ ಅವರು ಮಾಡಬೇಕಾದದ್ದೇ ಅದು.

ಇನ್ನು ಮೇಜಿನ ಬಳಿ ನಿಜವಾಗಿ ಕೂರುವವರ ವಿಷಯ. ವಿಶ್ಲೇಷಕರು ಯೋಜನೆ ಬರೆಯುತ್ತಾರೆ; ದಿನದ ಹೆಚ್ಚಿನ ಗಂಟೆಗಳನ್ನು ಮಗುವಿನ ಜೊತೆ ಕಳೆಯುವವರು ತಂತ್ರಜ್ಞರು, ಅಲ್ಲಿಯ ಮಾತಿನಲ್ಲಿ ಆರ್‌ಬಿಟಿಗಳು. ಹೈಸ್ಕೂಲು ಮುಗಿಸಿ 18 ವರ್ಷ ತುಂಬಿದವರು 40 ಗಂಟೆಯ ತರಬೇತಿ ಪಡೆದು, ಕೌಶಲ ತೋರಿಸಿ, ಒಂದು ಪರೀಕ್ಷೆ ಬರೆದರೆ ಈ ಪ್ರಮಾಣಪತ್ರ ಸಿಗುತ್ತದೆ. ತಿಂಗಳಲ್ಲಿ ಅವರು ಕೊಡುವ ಸೇವೆಯ ಗಂಟೆಗಳಲ್ಲಿ ಕನಿಷ್ಠ ಶೇ. 5ರಷ್ಟಾದರೂ ಮೇಲ್ವಿಚಾರಣೆ ನಡೆಯಬೇಕೆಂಬುದು ಬಿಎಸಿಬಿಯ ನಿಯಮ. ನೂರು ಗಂಟೆಗೆ ಐದು ಗಂಟೆ. ನೆವಾಡದಂಥ ರಾಜ್ಯಗಳು ತಂತ್ರಜ್ಞರೂ ನೋಂದಾಯಿಸಿಕೊಳ್ಳಬೇಕು ಎನ್ನುತ್ತವೆ. ಟೆಕ್ಸಾಸ್‌ನಲ್ಲಿ ಅವರಿಗೆ ಪರವಾನಗಿ ಬೇಡ, ಪರವಾನಗಿ ಇರುವವರ ಹೊಣೆಯಲ್ಲಿ ಕೆಲಸ ಮಾಡಬೇಕು.

ಆ ಐದು ಗಂಟೆಗಳ ಅರ್ಥವೇನೆಂದು ನಾನು ಕಲಿತದ್ದು ಒಂದು ಕನ್ನಡ ಮನೆಯಲ್ಲಿ. ಮಗುವಿಗೆ ಮೂರೂವರೆ ವರ್ಷ. ನೀರು ಬೇಕಾದಾಗ ಇಂಗ್ಲಿಷಿನಲ್ಲಿ 'ವಾಟರ್' ಎನ್ನುವ ಮಾತಿನ ಮೊದಲ ಸದ್ದನ್ನಾದರೂ ಮಾಡಿ ಕೇಳಬೇಕು ಎಂಬುದು ಹಾಳೆಯ ಮೇಲಿದ್ದ ಗುರಿ. ತಂತ್ರಜ್ಞೆ ಒಳ್ಳೆಯ ಹುಡುಗಿ, ಮಗುವಿಗೆ ಅವಳೆಂದರೆ ಇಷ್ಟ. ಅವಳು ಲೋಟ ಹಿಡಿದು ಕಾಯುತ್ತಿದ್ದಳು. ಮಗು ಲೋಟದತ್ತ ಕೈ ಚಾಚಿ 'ನೀ' ಎನ್ನುತ್ತಿತ್ತು. ಅವಳು ಹಾಳೆಯಲ್ಲಿ ಕಳೆಯುವ ಚಿಹ್ನೆ ಹಾಕುತ್ತಿದ್ದಳು. ಹೀಗೆ ಎರಡು ತಿಂಗಳು. ಆ ಹಾಳೆಗಳನ್ನು ನಾನು ಆಮೇಲೆ ನೋಡಿದೆ, ಸಾಲುಸಾಲಾಗಿ ಅದೇ ಚಿಹ್ನೆ. ಊರಿನಿಂದ ಬಂದಿದ್ದ ಅಜ್ಜಿ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಗೆ ಹೇಳಿದರಂತೆ: "ಅವನು ನೀರು ಕೇಳ್ತಾ ಇದಾನೆ ಕಣಮ್ಮ, ಆ ಹುಡುಗಿ ಯಾಕೆ ಕೊಡ್ತಾ ಇಲ್ಲ?" ಮಗುವಿಗೆ ಮಾತು ಬಂದಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ. ಯೋಜನೆ ಬರೆದಿದ್ದ ವಿಶ್ಲೇಷಕರು ಆ ಎರಡು ತಿಂಗಳಲ್ಲಿ ಮನೆಗೆ ಬಂದಿರಲಿಲ್ಲ. ಮೇಲ್ವಿಚಾರಣೆ ನಡೆದಿದೆ ಎಂಬ ಸಹಿ ಮಾತ್ರ ಕಾಗದದಲ್ಲಿತ್ತು. ತಾಯ್ತಂದೆಯರು ಆ ಸಂಸ್ಥೆಯನ್ನು ಬಿಟ್ಟು ನನ್ನ ಬಳಿ ಬಂದರು, ಜೊತೆಗೆ ರಾಜ್ಯದ ಇಲಾಖೆಗೂ ಬರೆದರು. ಪರವಾನಗಿಯ ಕಾನೂನು ಇರುವುದು ಇಂಥ ದಿನಕ್ಕೆ. ದೂರು ಹೇಳಲಾರದ ಮಗುವಿನ ಪರವಾಗಿ ಬರೆದ ಒಂದು ಪತ್ರವನ್ನು ಓದಲೇಬೇಕಾದ, ಕಾಗದಗಳನ್ನು ತರಿಸಿಕೊಳ್ಳುವ ಅಧಿಕಾರವಿರುವ ಒಂದು ಕಚೇರಿ ಇತ್ತು.

ಇದು ಒಂದು ಮನೆಯ ಸಮಸ್ಯೆಯಷ್ಟೇ ಎಂದುಕೊಳ್ಳಬೇಡಿ. ಇಂಡಿಯಾನಾದಲ್ಲಿ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ 2019 ಮತ್ತು 2020ರಲ್ಲಿ ಎಬಿಎಗೆ ಕೊಟ್ಟ ಹಣವನ್ನು ಕೇಂದ್ರದ ತಪಾಸಣಾಧಿಕಾರಿಗಳು ಪರಿಶೀಲಿಸಿ, ಕನಿಷ್ಠ 5.6 ಕೋಟಿ ಡಾಲರ್ ನಿಯಮಬಾಹಿರವಾಗಿ ಪಾವತಿಯಾಗಿದೆ ಎಂದು 2024ರ ಡಿಸೆಂಬರ್‌ನಲ್ಲಿ ವರದಿ ಮಾಡಿದರು. ದಾಖಲೆಗಳೇ ಸರಿಯಿಲ್ಲದ ಅವಧಿಗಳಿಗೂ ಹಣ ಹೋಗಿತ್ತು. ಅಮೆರಿಕದಲ್ಲಿ ಇಂದು ಬಿಸಿಬಿಎ ಪಡೆದವರು 70 ಸಾವಿರ ದಾಟಿದ್ದಾರೆ. ತಂತ್ರಜ್ಞರು ಎರಡು ಲಕ್ಷದ ಆಸುಪಾಸಿನಲ್ಲಿದ್ದಾರೆ. ಇಷ್ಟು ವೇಗವಾಗಿ ಬೆಳೆದ ಕ್ಷೇತ್ರದಲ್ಲಿ ಒಳ್ಳೆಯ ಮನಸ್ಸಿನವರೇ ಹೆಚ್ಚಿದ್ದಾರೆ ಎಂದು ನಾನು ಅನುಭವದಿಂದ ಹೇಳಬಲ್ಲೆ. ಆದರೆ ಒಳ್ಳೆಯ ಮನಸ್ಸನ್ನೇ ವ್ಯವಸ್ಥೆ ಎಂದು ನಂಬಿ ಕೂರಲಾಗದು.

ಪರವಾನಗಿಯ ವಿರುದ್ಧವೂ ಗಟ್ಟಿಯಾದ ವಾದಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಪರವಾನಗಿ ಮಂಡಳಿಯಲ್ಲಿ ಆ ವೃತ್ತಿಯವರೇ ತುಂಬಿದರೆ, ಅವರು ಜನರನ್ನು ಕಾಯುವ ಬದಲು ತಮ್ಮ ಮಾರುಕಟ್ಟೆಯನ್ನು ಕಾಯತೊಡಗುತ್ತಾರೆ. ನಾರ್ತ್ ಕ್ಯಾರೊಲಿನಾದಲ್ಲಿ ದಂತವೈದ್ಯರ ಮಂಡಳಿ ಹಲ್ಲು ಬಿಳುಪು ಮಾಡುವ ಇತರರನ್ನು ಹೊರಗಟ್ಟಲು ಹೊರಟಿತು. ರಾಜ್ಯ ಸರ್ಕಾರದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ ಸ್ಪರ್ಧೆಯನ್ನು ಹತ್ತಿಕ್ಕುವುದನ್ನು ತಡೆಯುವ ಕಾನೂನಿನಿಂದ ಅಂಥ ಮಂಡಳಿಗೆ ವಿನಾಯಿತಿಯಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡನೆಯದು, ಪರವಾನಗಿ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಡಾಲಸ್‌ನಲ್ಲಿದ್ದ ನಮ್ಮ ಸಾಫ್ಟ್‌ವೇರ್ ಕುಟುಂಬ ಕೆಲಸ ಬದಲಾಗಿ ನ್ಯೂಜೆರ್ಸಿಗೆ ಹೋದರೆ, ಮಗು ಒಗ್ಗಿಕೊಂಡ ವಿಶ್ಲೇಷಕರು ವಿಡಿಯೊ ಮೂಲಕ ಕೂಡ ಅಲ್ಲಿ ಕೆಲಸ ಮುಂದುವರಿಸಬೇಕಾದರೆ ಆ ರಾಜ್ಯದ ಅನುಮತಿಯೂ ಬೇಕು. ಇದು ಸಣ್ಣ ತೊಂದರೆಯಲ್ಲ. ಹೊಸ ಮುಖಕ್ಕೆ ಒಗ್ಗಲು ಆರು ತಿಂಗಳು ಬೇಕಾಗುವ ಮಕ್ಕಳಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು. ಚಿಕ್ಕಂದಿನಲ್ಲಿ ಈ ತರಬೇತಿ ಪಡೆದು ದೊಡ್ಡವರಾದ, ಆಟಿಸಂ ಇರುವ ವಯಸ್ಕರು ಕೇಳುತ್ತಿರುವ ಪ್ರಶ್ನೆ ಇದು: ನನ್ನ ಕೈ ಆಡಿಸುವುದನ್ನು ನಿಲ್ಲಿಸಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂಬ ಗುರಿಯನ್ನು ನನಗಾಗಿ ಬರೆದವರು ಯಾರು, ಅದರಿಂದ ಯಾರಿಗೆ ಅನುಕೂಲವಾಯಿತು? ಈ ಪ್ರಶ್ನೆಗೆ ಪರವಾನಗಿ ಉತ್ತರ ಕೊಡುವುದಿಲ್ಲ. ಮೆಸಾಚುಸೆಟ್ಸ್‌ನ ಜಡ್ಜ್ ರೋಟನ್‌ಬರ್ಗ್ ಕೇಂದ್ರದಲ್ಲಿ ದಶಕಗಳ ಕಾಲ, ನ್ಯಾಯಾಲಯದ ಅನುಮತಿ ಪಡೆದು, ಚರ್ಮಕ್ಕೆ ವಿದ್ಯುತ್ ಆಘಾತ ಕೊಡುವ ಉಪಕರಣವನ್ನು ಕೆಲವು ನಿವಾಸಿಗಳ ಮೇಲೆ ಬಳಸಲಾಯಿತು. ಕೇಂದ್ರ ಸರ್ಕಾರದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಅದನ್ನು ನಿಷೇಧಿಸಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಷೇಧವನ್ನು ರದ್ದುಪಡಿಸಿತು. 2022ರ ಕೊನೆಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನನ್ನೇ ತಿದ್ದಿ, ಹಾಗೆ ನಿಷೇಧಿಸುವ ಅಧಿಕಾರ ಆ ಆಡಳಿತಕ್ಕೆ ಇದೆ ಎಂದು ಸ್ಪಷ್ಟಪಡಿಸಿತು. ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘ ಆಘಾತವನ್ನು ವಿರೋಧಿಸುವ ನಿಲುವು ತಳೆದದ್ದು 2022ರಲ್ಲಿ. ನನ್ನ ವೃತ್ತಿ ಅಷ್ಟು ತಡ ಮಾಡಬಾರದಿತ್ತು. ಯಾರು ಕೆಲಸ ಮಾಡಬಹುದು ಎಂಬುದನ್ನು ಪರವಾನಗಿ ಹೇಳುತ್ತದೆ. ಏನನ್ನು ಮಾಡಲೇಬಾರದು ಎಂಬುದನ್ನು ಬೇರೆಯಾಗಿ, ಬಾಯಿಬಿಟ್ಟು ಹೇಳಬೇಕು. ಟೆಕ್ಸಾಸ್‌ನ ಮಂಡಳಿಯಲ್ಲಿ ಹಿಂದೆ ಸೇವೆ ಪಡೆದವರಿಗೆ ಜಾಗವಿರುವುದನ್ನು ನಾನು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರು, ಮೈಸೂರುಗಳಲ್ಲಿ ಬಿಸಿಬಿಎ ಆಗಬೇಕೆಂದು ಓದುತ್ತಿದ್ದ ಅನೇಕ ಯುವಜನರಿಗೆ 2023ರ ಜನವರಿ 1ರಂದು ಬಾಗಿಲು ಮುಚ್ಚಿತು. ಅಂದಿನಿಂದ ಬಿಎಸಿಬಿ ಬೆರಳೆಣಿಕೆಯ ದೇಶಗಳ ನಿವಾಸಿಗಳಿಂದ ಮಾತ್ರ ಹೊಸ ಅರ್ಜಿ ತೆಗೆದುಕೊಳ್ಳುತ್ತಿದೆ, ಅವುಗಳಲ್ಲಿ ಭಾರತ ಇಲ್ಲ. ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರಮಾಣಪತ್ರಗಳು ಈಗ ಆ ಜಾಗಕ್ಕೆ ಬಂದಿವೆ. ಅವುಗಳಲ್ಲಿ ಒಳ್ಳೆಯವೂ ಇರಬಹುದು, ಆದರೆ ಅವೂ ಖಾಸಗಿ ಸಂಸ್ಥೆಗಳು ಕೊಡುವ ಪ್ರಮಾಣಪತ್ರಗಳೇ. ನಮ್ಮಲ್ಲಿ ವಿಶೇಷ ಶಿಕ್ಷಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ವಾಕ್ ಮತ್ತು ಶ್ರವಣ ತಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಡಿ ನೋಂದಾಯಿತರಾಗುತ್ತಾರೆ. ವರ್ತನಾ ವಿಶ್ಲೇಷಕರ ಹೆಸರು ಬಂದದ್ದು ಇನ್ನೊಂದು ಕಾನೂನಿನಲ್ಲಿ, 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನಗಳ ಗುಂಪಿನೊಳಗೆ, ಆಪ್ತ ಸಲಹೆಗಾರರು, ಸಮಾಜ ಕಾರ್ಯಕರ್ತರ ಜೊತೆಗೆ, ವರ್ತನಾ ವಿಶ್ಲೇಷಕ ಎಂಬ ಪದವೂ ಇದೆ. ನೋಂದಣಿ ಪುಸ್ತಕ ಇಡುವುದು, ದೂರು ಕೇಳಿ ಶಿಸ್ತುಕ್ರಮ ಕೈಗೊಳ್ಳುವುದು ಆ ಕಾಯ್ದೆಯಂತೆ ರಾಜ್ಯ ಪರಿಷತ್ತುಗಳ ಕೆಲಸ. ಅಮೆರಿಕದಲ್ಲಿ ಒಂದೊಂದು ರಾಜ್ಯದಲ್ಲೂ ಪ್ರತ್ಯೇಕವಾಗಿ ಹೋರಾಡಿ ಪಡೆದ ಜಾಗ ನಮಗೆ ಸಂಸತ್ತಿನ ಒಂದೇ ಕಾಯ್ದೆಯಲ್ಲಿ, ಒಂದು ಸಾಲಿನಲ್ಲಿ ಸಿಕ್ಕಿದೆ. ಆ ಸಾಲಿಗೆ ಅರ್ಹತೆ, ಪಠ್ಯಕ್ರಮ, ಮೇಲ್ವಿಚಾರಣೆಯ ಗಂಟೆಗಳು, ನಿಷಿದ್ಧ ವಿಧಾನಗಳು ಇವೆಲ್ಲ ಕೂಡಬೇಕು. ಕೂಡಿಸುವ ಮೇಜಿನ ಬಳಿ ತಾಯ್ತಂದೆಯರೂ, ಆಟಿಸಂ ಇರುವ ವಯಸ್ಕರೂ ಇರಬೇಕೆಂದು ಈಗಲೇ ಕೇಳಬೇಕು. ನಿಯಮ ಅಚ್ಚಾದ ಮೇಲೆ ಕೇಳಿದರೆ ತಿದ್ದುಪಡಿಗೆ ವರ್ಷಗಳು ಬೇಕಾಗುತ್ತವೆ.

ಅಲ್ಲಿಯವರೆಗೆ ನಾವೇನು ಮಾಡಬೇಕೆಂದು ಸಭೆಗೆ ಮುಂಚೆ ಒಬ್ಬ ತಾಯಿ ನನ್ನನ್ನು ಕೇಳಿದರು. ನಿಮ್ಮ ಮಗುವಿನ ಜೊತೆ ಕೂರುವವರ ಮೇಲ್ವಿಚಾರಕರು ಯಾರೆಂದು ಕೇಳಿ, ಅವರ ಹೆಸರನ್ನೂ ನೋಂದಣಿ ಇದ್ದರೆ ಅದರ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಕಳೆದ ತಿಂಗಳು ಅವರು ಎಷ್ಟು ಗಂಟೆ ಮಗುವನ್ನು ಕಣ್ಣಾರೆ ನೋಡಿದರು ಎಂದು ಕೇಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಾಯ್ತಂದೆಯರಿಗೆ ಪ್ರವೇಶವಿಲ್ಲ ಎನ್ನುವ ಕಡೆ ಮಗುವನ್ನು ಬಿಡಬೇಡಿ. ವಾರಕ್ಕೊಮ್ಮೆ ದಾಖಲೆಯ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿ, ಕೂಡುವ ಚಿಹ್ನೆಗೂ ಕಳೆಯುವ ಚಿಹ್ನೆಗೂ ಎದುರಿಗೆ ಮಗು ನಿಜವಾಗಿ ಏನು ಮಾಡಿತು, ಏನೆಂದಿತು ಎಂದು ವಿಚಾರಿಸಿ, ಅದನ್ನು ಕೇಳುವಾಗ ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.